ಬೆಲೆ ನೋಡದ ಗಿರಾಕಿ

ನನ್ನ ಹೆಂಡತಿಯ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಅಂಗಡಿಯಲ್ಲಿ ನಿಂತು ಜನರನ್ನು ನೋಡುವುದು, ಅದಕ್ಕೆ ಸಂಬಳ. ಸೋಪಿನ ಕಂಪನಿಯೋ ಬಿಸ್ಕತ್ತಿನ ಕಂಪನಿಯೋ ಇವಳ ಕಚೇರಿಗೆ ಕೆಲಸ ಒಪ್ಪಿಸುತ್ತದೆ. ಇವಳು ಬುಟ್ಟಿ ಹಿಡಿದು ಗಿರಾಕಿಯ ಹಾಗೆ ಓಡಾಡುತ್ತಾ, ಯಾರು ಯಾವ ಪೊಟ್ಟಣ ಎತ್ತಿದರು, ಬೆಲೆ ನೋಡಿ ವಾಪಸ್ ಇಟ್ಟರೋ, ಮಗು ಅತ್ತಿತೆಂದು ಕೊಂಡರೋ, ಎಲ್ಲ ಗಮನಿಸಬೇಕು. ಮುಖ ನೋಡಿದರೆ ಅವರಿಗೆ ಗೊತ್ತಾಗುತ್ತದೆ, ಅದಕ್ಕೇ ಕೈ ನೋಡಬೇಕು. ಏನೇ ಆದರೂ ಮಾತಾಡಿಸಬಾರದು. ಮಾತಾಡಿಸಿದರೆ ಜನ ಬದಲಾಗಿಬಿಡುತ್ತಾರಂತೆ. "ಮನೆಗೆ ಬಂದ್ಮೇಲೆ ಆ ನಿಯಮ ಯಾಕೆ ಮರೆತುಹೋಗುತ್ತೆ ನಿಂಗೆ?" ಎಂದು ನಾನು ಛೇಡಿಸುತ್ತಿದ್ದೆ.

ಒಮ್ಮೆ ಒಬ್ಬ ಮುದುಕಿ ಹಾಲಿನ ಪುಡಿಯ ಡಬ್ಬಿ ಹಿಡಿದು ಗಡಗಡ ನಡುಗುತ್ತಾ ನಿಂತಿದ್ದಳಂತೆ. ಇವಳು ಪಕ್ಕದಲ್ಲೇ ಇದ್ದಳು.

"ಏನಾಯ್ತಜ್ಜಿ ಅಂತ ಕೇಳಲಿಲ್ವಾ?" ಎಂದೆ.

"ಕೇಳೋ ಹಾಗಿಲ್ಲ ರೀ" ಎಂದಳು. ಎಂಥ ಹಾಳು ಕೆಲಸ ಇದು ಎಂದು ಬೈದೆ. ಅವಳು ಆ ದಿನ ಊಟ ಮಾಡಲಿಲ್ಲ.

ಇವಳ ತಮ್ಮ ನಮ್ಮ ಜೊತೆಗೇ ಇದ್ದ. ರ‍್ಯಾಪ್ ಹಾಡುವವನು. ಮಾತು ಹುರಿದ ಕಾಳಿನ ಹಾಗೆ ಸಿಡಿಯುತ್ತಿದ್ದುದರಿಂದ ಪಟಪಟ ಎಂದೇ ಅವನ ಹೆಸರು. ಊಟದ ತಟ್ಟೆಯ ಅಂಚಿನ ಮೇಲೂ ಬೆರಳಿನಿಂದ ತಾಳ ಹಾಕುತ್ತಿದ್ದ. ಮಕ್ಕಳು ಆಡುವ ಮೈದಾನ ನುಂಗಿ ಕಟ್ಟಡ ಎಬ್ಬಿಸಿದ ಒಬ್ಬ ದೊಡ್ಡ ಮನುಷ್ಯನ ಮೇಲೆ ಹಾಡು ಕಟ್ಟಿ ಹಾಡಿದ. ಅದೇ ಸಂಜೆ ಯಾರೋ ಆ ಮನುಷ್ಯನ ಕಚೇರಿಯ ಗಾಜು ಒಡೆದರು. ಗಲಭೆಗೆ ಕುಮ್ಮಕ್ಕು ಕೊಟ್ಟ ಅಂತ ಇವನ ಮೇಲೆ ಕೇಸು.

ಜೈಲಿನಿಂದ ಜಾಮೀನಿನ ಮೇಲೆ ಬಂದ ಹುಡುಗ ಬೇರೆಯೇ ಆಗಿದ್ದ. ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದ. ನಾನು ಬೀಗ ರಿಪೇರಿಯವನು. ಊರಿಗೆಲ್ಲ ಬೀಗ ಜಡಿದುಕೊಡುವ ನಾನೇ ಅವನ ಕೋಣೆಯ ಬಾಗಿಲನ್ನು ಕಳಚಿ ಅಟ್ಟಕ್ಕೆ ಹಾಕಿದೆ. ಜಾಮೀನಿನ ಷರತ್ತು ಎರಡೇ: ವೇದಿಕೆ ಹತ್ತಬಾರದು, ಊರಿನ ಗಡಿ ದಾಟಬಾರದು. ದಾಟಿದರೆ ಕೇಸು ಮುಗಿಯುವ ತನಕ ಮತ್ತೆ ಒಳಗೆ. "ಭಾವ, ಇನ್ನೊಂದ್ಸಲ ಅಲ್ಲಿಗೆ ಹೋದ್ರೆ ನಾನು ಉಳಿಯಲ್ಲ" ಎಂದಿದ್ದ. ತಮಾಷೆ ನೋಡಿ, ಕೇಸು ಬಿದ್ದ ಮೇಲೇ ಅವನ ಹಾಡು ಮನೆಮನೆಯಲ್ಲಿ ಕೇಳಿಸತೊಡಗಿತು.

ಒಂದು ದಿನ ಅಕ್ಕತಮ್ಮ ಇಬ್ಬರೂ ಅಂಗಡಿಯಿಂದ ಓಡಿಬಂದರು. ಹೆಂಡತಿ ಬುಟ್ಟಿಯನ್ನೂ ಅಲ್ಲೇ ಬಿಟ್ಟು ಬಂದಿದ್ದಳು.

"ರೀ, ಒಬ್ಬ ನಮ್ಮ ಹಿಂದೆ ಬಿದ್ದಿದಾನೆ. ಕಾಲುಚೀಲ ಎತ್ಕೊಂಡ, ಬೆಲೆ ನೋಡಲೇ ಇಲ್ಲ. ಅವನು ಕೊಳ್ಳೋಕೆ ಬಂದವನಲ್ಲ. ಹೆಬ್ಬೆರಳಿನ ಉಗುರು ಕಪ್ಪಗಿದೆ, ಎಲ್ಲಿ ಕಂಡ್ರೂ ಗುರುತು ಹಿಡೀತೀನಿ."

ದೊಡ್ಡ ಮನುಷ್ಯನ ಕಡೆಯವನೇ ಇರಬೇಕು. ಪೊಲೀಸರಿಗೆ ಹೇಳೋಣವೆಂದರೆ, ಹುಡುಗನನ್ನು ಎಳೆದುಕೊಂಡು ಹೋದವರೇ ಅವರು.

ಮರುದಿನ ಆ ಮನುಷ್ಯ ನಮ್ಮ ಮನೆ ಎದುರಿನ ಪೇಪರ್ ಅಂಗಡಿಯಲ್ಲಿ ನಿಂತಿದ್ದ. ಅದರ ಮರುದಿನವೂ. ನಾನು ಸುತ್ತಿಗೆ ಎತ್ತಿಕೊಂಡೆ. "ಹೋಗಿ ಕಾಲರ್ ಹಿಡಿದು ಕೇಳ್ತೀನಿ, ಯಾರಯ್ಯಾ ನೀನು ಅಂತ."

ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಬೇಡ ರೀ! ಮಾತಾಡಿಸಬೇಡಿ. ನಾವು ನೋಡಿದ್ದು ಗೊತ್ತಾದ್ರೆ ಇವನನ್ನ ತೆಗೆದು ಇನ್ನೊಬ್ಬನ್ನ ಕಳಿಸ್ತಾರೆ. ಆಗ ಯಾರು ಅಂತ ಹುಡುಕ್ತೀರಿ?"

ಅವಳ ಕಸುಬಿನ ಮಾತು ಅದು. ಸರಿ ಅನ್ನಿಸಿತು. ಸುತ್ತಿಗೆ ಕೆಳಗಿಟ್ಟೆ. ಅವಳು ಕಿಟಕಿಯ ಪರದೆ ಹಿಡಿದು ನಿಂತೇ ಇದ್ದಳು. ಆ ಮನುಷ್ಯ ರಸ್ತೆ ದಾಟಿ ಬಂದು, ಮೆಟ್ಟಿಲ ಮೇಲೆ ಹುಡುಗ ಬಿಟ್ಟಿದ್ದ ಬೂಟು ಎತ್ತಿ, ಅಡಿ ತಿರುಗಿಸಿ ನೋಡಿ, ಮೆಲ್ಲಗೆ ಇಟ್ಟು ಹೋದ. ಒಳಗಿನಿಂದ ನಾವು ಮೂವರೂ ನೋಡುತ್ತಿದ್ದೆವು. ಏನು ಮಾಡುತ್ತಾನೆಂದು ಗೊತ್ತಾಗದ ಆ ಹೆದರಿಕೆ ನನ್ನ ಶತ್ರುವಿಗೂ ಬೇಡ.

"ಇಲ್ಲಿದ್ರೆ ಇವನನ್ನ ಕೊಂದೇಬಿಡ್ತಾರೆ" ಎಂದು ಹೆಂಡತಿ ತಮ್ಮನ ಬಟ್ಟೆ ತುಂಬಿದಳು. ಪಕ್ಕದೂರಿನ ಚಿಕ್ಕಮ್ಮನ ಮನೆಯಲ್ಲಿ ನಾಲ್ಕು ದಿನ ಅಡಗಿದ್ದು ಬರಲಿ, ಗಡಿ ದಾಟಿದ್ದು ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆವು. ಬೆಳಿಗ್ಗೆ ಬಸ್ಸು ಹತ್ತಿಸಿದೆವು.

ಹುಡುಗ ಆ ಊರಿನಲ್ಲಿ ಇಳಿಯುತ್ತಲೇ ಯಾರೋ "ಅಯ್ಯೋ, ಪಟಪಟಣ್ಣ! ಒಂದೇ ಒಂದು ಫೋಟೊ!" ಎಂದರಂತೆ. ಪಾಪ, ಅಭಿಮಾನಿಗೆ ಇಲ್ಲ ಎನ್ನುವುದು ಅವನಿಗೆ ಬರುತ್ತಿರಲಿಲ್ಲ. ನಕ್ಕು ನಿಂತ. ಹಿಂದೆ ಬಸ್ ನಿಲ್ದಾಣದ ಬೋರ್ಡಿನಲ್ಲಿ ಆ ಊರಿನ ಹೆಸರು ದೊಡ್ಡದಾಗಿ ಕಾಣುತ್ತಿತ್ತು. ಮಧ್ಯಾಹ್ನದೊಳಗೆ ಆ ಫೋಟೊ ಎಲ್ಲರ ಫೋನಿನಲ್ಲಿತ್ತು, ಸಂಜೆಗೆ ಪೊಲೀಸರು ಚಿಕ್ಕಮ್ಮನ ಮನೆ ಬಾಗಿಲಲ್ಲಿದ್ದರು. ಜಾಮೀನು ರದ್ದಾಯಿತು.

ಮುಂದಿನ ವಾರ ಹೆಂಡತಿಯ ಕಚೇರಿಯಲ್ಲಿ ಎಲ್ಲ ತಂಡಗಳ ಸಭೆ. ಎದುರು ಕೂತವನು ಚಹಾ ಲೋಟ ಎತ್ತಿದ. ಹೆಬ್ಬೆರಳಿನ ಉಗುರು ಕಪ್ಪಗಿತ್ತು.

"ನೀನಾ?" ಎಂದು ಇವಳು ಎದ್ದು ನಿಂತಳಂತೆ.

ಅವನು ಹೊಸಬ, ಇನ್ನೊಂದು ತಂಡದವನು. "ಬೂಟಿನ ಕಂಪನಿಯ ಕೆಲಸ ಅಕ್ಕ. ಕೇಸಾದ್ಮೇಲೆ ಆ ಹುಡುಗನಿಗೆ ಹೆಸರು ಬಂದಿದೆ, ಜಾಹೀರಾತಿಗೆ ತಗೋಬೇಕು, ಏನು ಹಾಕ್ಕೋತಾನೆ, ಹೇಗೆ ಸವೆಸ್ತಾನೆ ನೋಡ್ಕೊಂಡು ಬಾ ಅಂದ್ರು. ಪರದೆ ಹಿಡಿದ ಒಂದು ಕೈ ಮಾತ್ರ ಕಾಣ್ತಿತ್ತು. ನೀವಾ ಅದು? ತುಂಬಾ ನಡುಗ್ತಿತ್ತು."

"ನೋಡಿದ್ಯಲ್ಲ, ಯಾಕೆ ಅಂತ ಒಂದು ಮಾತು ಕೇಳಬಾರದಿತ್ತೇನೋ?"

"ಕೇಳೋ ಹಾಗಿಲ್ವಲ್ಲ ಅಕ್ಕ" ಎಂದನಂತೆ.

ಇವಳು ಮನೆಗೆ ಬಂದು ನನ್ನ ಮುಂದೆ ಅದನ್ನು ಹೇಳಿ, ಗೋಡೆಗೆ ತಲೆ ಆನಿಸಿ ಕೂತಳು. ನನಗೆ ಅವನನ್ನು ಬೈಯಲು ಬಾಯಿ ಬರಲಿಲ್ಲ.

ಜೈಲಿಗೆ ಭೇಟಿಗೆ ಹೋದೆವು. ನಡುವೆ ಕಂಬಿ. ಹುಡುಗ ನಗಲು ನೋಡಿದ. ಹೆಂಡತಿ ಅಭ್ಯಾಸದಂತೆ ಮೊದಲು ಅವನ ಕೈ ನೋಡಿದಳು. ಬೆರಳು ತಾಳ ಹಾಕುತ್ತಿರಲಿಲ್ಲ.

"ಹೆದರಿಕೆ ಆಗ್ತಿದೆಯೇನೋ?" ಎಂದು ಕೇಳಿದಳು.

"ಹೂಂ ಅಕ್ಕ. ಸಂಜೆ ಆದ್ರೆ ಬಾಗಿಲು ಹಾಕ್ತಾರೆ." ಆಮೇಲೆ ನನ್ನ ಕಡೆ ತಿರುಗಿದ. "ಭಾವ, ಈ ಬೀಗ ನಿಮ್ಮ ಕೈಲಿ ತೆಗೆಯೋಕಾಗಲ್ವಾ?"

ನಮ್ಮನ್ನು ನಗಿಸಲು ಹೇಳಿದನೆಂದುಕೊಂಡು ನಾನು ನಗಲು ಹೊರಟೆ. ಅಷ್ಟರಲ್ಲಿ ಅವನ ಕೈ ಕಂಡಿತು. ಕಂಬಿ ಹಿಡಿದ ಬೆರಳುಗಳು ನಡುಗುತ್ತಿದ್ದವು.