ಪಂಗ್ಲಾವ್ ಕಡಲಲ್ಲಿ ಅತ್ತೆ ತೇಲಿದ ದಿನ

ಆ ವಿಡಿಯೋ ಕೈ ತಪ್ಪಿ ಹೋಗಿದ್ದಲ್ಲ. ನಾನೇ ಕಳಿಸಿದ್ದು. ಬೇಕೆಂದೇ, ಯಾರು ಯಾರು ನೋಡುತ್ತಾರೆ ಎಂದು ಒಂದು ಕ್ಷಣ ಯೋಚಿಸಿಯೇ ಕಳಿಸಿದ್ದು. ನಾಲ್ಕು ವರ್ಷದಿಂದ ಎಲ್ಲರಿಗೂ ಸುಳ್ಳು ಹೇಳಿಕೊಂಡು ಬಂದಿದ್ದೇನೆ — ಗಂಡನಿಗೆ, ಮಗಳಿಗೆ, ಮೈಸೂರಿನ ಬಳಗಕ್ಕೆ, ಎಲ್ಲರಿಗಿಂತ ಹೆಚ್ಚಾಗಿ ಅತ್ತೆಗೆ. ಅತ್ತೆ ನಂಬಿದರು. ನಂಬಿದ್ದಷ್ಟೇ ಆಗಿದ್ದರೆ ನಾನು ಹೇಗೋ ಅರಗಿಸಿಕೊಳ್ಳುತ್ತಿದ್ದೆನೇನೋ — ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ನನಗೆ ಅತ್ತೆಯನ್ನು ಕಂಡರೆ ಬಹಳ ಇಷ್ಟ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ಇದನ್ನು ಅತ್ತೆ-ಸೊಸೆ ಜಗಳ ಎಂದುಕೊಂಡು ಓದುತ್ತೀರಿ. ನನ್ನ ಅತ್ತೆ ನಾಗರತ್ನ, ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದವರು. ಮಾವ ತೀರಿಕೊಂಡ ಮರುವರ್ಷ ಅಮೆರಿಕದಲ್ಲಿ ಸಿಯಾಟಲ್ ಹತ್ತಿರದ ನಮ್ಮ ಸಮಾಮಿಶ್ ಮನೆಗೆ ಬಂದು ಆರು ತಿಂಗಳು ಇದ್ದರು. ಬಂದ ವಾರದಲ್ಲೇ ನಮ್ಮ ಬೀದಿಯ ಪಂಜಾಬಿ ಅಜ್ಜಿಯನ್ನು ಗೆಳತಿ ಮಾಡಿಕೊಂಡರು — ಇವರಿಗೆ ಹಿಂದಿ ಬಾರದು, ಅವರಿಗೆ ಪಂಜಾಬಿ, ಹಿಂದಿ ಬಿಟ್ಟು ಬೇರೇನೂ ಬಾರದು, ಇಬ್ಬರೂ ದಿನಾ ಒಂದು ಗಂಟೆ ವಾಕಿಂಗ್! ನನಗೆ ಕೋಪ ಮೂಗಿನ ತುದಿಯಲ್ಲೇ. ನಾನು ರೇಗಿದಾಗಲೆಲ್ಲ ಅವರು "ಆಯ್ತು ಮಹಾರಾಣಿ, ಕಾಫಿ ಕುಡೀತೀಯಾ?" ಎಂದು ಕೇಳುತ್ತಿದ್ದರು. ಅಷ್ಟಕ್ಕೆ ನನ್ನ ಕೋಪ ಇಳಿದುಹೋಗುತ್ತಿತ್ತು.

ಫಿಲಿಪೀನ್ಸಿಗೆ ಹೋಗುವ ಹುಚ್ಚು ಹಿಡಿಸಿದ್ದು ಫ್ಯಾಕ್ಟೋರಿಯಾದ ನನ್ನ ಆಫೀಸಿನ ಗೆಳತಿ. ಅವಳು ಆ ದೇಶದವಳೇ. ಡಿಸೆಂಬರ್ ಬಂತೆಂದರೆ ಇಲ್ಲಿ ನಾಲ್ಕೂವರೆಗೇ ಕತ್ತಲು. ಅವಳು ತಮ್ಮೂರ ಕಡಲಿನ ಫೋಟೋ ತೋರಿಸಿ ಹೊಟ್ಟೆ ಉರಿಸುತ್ತಿದ್ದಳು. ಬೊಹೋಲ್ ಎಂಬ ದ್ವೀಪ, ಅದರ ಮಗ್ಗುಲಲ್ಲೇ ಪಂಗ್ಲಾವ್ ಎಂಬ ಪುಟ್ಟ ದ್ವೀಪ. ಅತ್ತೆ ಊರಿಗೆ ಮರಳುವ ಸಮಯವೂ ಅದೇ. ದಾರಿಯಲ್ಲಿ ಒಂದು ವಾರ ಎಲ್ಲರೂ ಪಂಗ್ಲಾವ್‌ನಲ್ಲಿದ್ದು, ಅಲ್ಲಿಂದ ನನ್ನ ಗಂಡ ಹರೀಶ ತಾಯಿಯನ್ನು ಮೈಸೂರಿಗೆ ಮುಟ್ಟಿಸುವುದು, ನಾನೂ ಮಗಳು ಇಂಚರಳೂ ಸಿಯಾಟಲ್‌ಗೆ ವಾಪಸ್ಸಾಗುವುದು ಎಂದು ಮಾತಾಯಿತು.

ಆಹಾ, ಆ ಊರು! ಹಿಟ್ಟಿನಂಥ ಬಿಳಿ ಮರಳು, ಎರಡೂ ಪಕ್ಕಕ್ಕೆ ಬಿದಿರಿನ ತೋಳು ಚಾಚಿಕೊಂಡ ದೋಣಿಗಳು, ಎಷ್ಟು ದೂರ ನಡೆದರೂ ಸೊಂಟ ದಾಟದ ನೀರು. ಆ ನೀರೂ ಎಂಥದ್ದು — ಯಾರೋ ಸ್ನಾನಕ್ಕೆಂದು ಹದ ಮಾಡಿಟ್ಟ ಹಾಗಿತ್ತು. ಅತ್ತೆ ಮಾತ್ರ ಮೊದಲೆರಡು ದಿನ ಕಾಟನ್ ಸೀರೆ ಉಟ್ಟು ತೆಂಗಿನ ನೆರಳಲ್ಲಿ ಕೂತಿದ್ದರು. ಊಟಕ್ಕೆ ಹೋದರೆ ಪ್ರತಿ ತಟ್ಟೆಗೂ "ಇದ್ರಲ್ಲಿ ಮೀನಿಲ್ಲ ತಾನೆ?" ಎಂದು ಕೇಳುವುದು, ಕೊನೆಗೆ ಅನ್ನ, ಹುರಿದ ಬದನೆಕಾಯಿ, ಮಾವಿನಹಣ್ಣು ತಿಂದು ಏಳುವುದು. ಮೂರನೆಯ ದಿನ ಇಂಚರ ಹಟ ಹಿಡಿದಳು. ಆಗ ಅವಳಿಗೆ ಹತ್ತು ವರ್ಷ. "ಅಜ್ಜಿ, ಪ್ಲೀಸ್, ಐ ವಿಲ್ ಹೋಲ್ಡ್ ಯು." ಅತ್ತೆ ನನ್ನ ಮುಖ ನೋಡಿದರು. ನಾನು ನನ್ನ ಕಪ್ಪು ಲೆಗ್ಗಿಂಗ್ಸ್ ಕೊಟ್ಟೆ, ಹರೀಶನ ಉದ್ದ ತೋಳಿನ ಟೀ ಶರ್ಟ್ ಕೊಟ್ಟೆ. ಅದು ಅವರ ಮಂಡಿಯವರೆಗೆ ಬರುತ್ತಿತ್ತು. ಕನ್ನಡಿಯ ಮುಂದೆ ನಿಂತು "ಥೂ, ಸರ್ಕಸ್ಸಿನವಳ ಥರ ಕಾಣ್ತೀನಿ" ಎಂದು ನಕ್ಕರು. ನಕ್ಕರೂ, ಬಂದರು.

ಅರ್ಧ ಗಂಟೆ ಬರೀ ಕಿರುಚಾಟ. ಇಂಚರ ಕತ್ತಿನ ಕೆಳಗೆ ಒಂದು ಕೈ, ಬೆನ್ನಿನ ಕೆಳಗೆ ಒಂದು ಕೈ ಇಟ್ಟು "ರಿಲ್ಯಾಕ್ಸ್ ಅಜ್ಜಿ, ರಿಲ್ಯಾಕ್ಸ್" ಎನ್ನುವುದು, ಅತ್ತೆ "ಬಿಡ್ಬೇಡ್ವೇ, ಬಿಟ್ರೆ ಸಾಯ್ತೀನಿ" ಎನ್ನುವುದು. ಆಮೇಲೆ ಅದು ಯಾವಾಗಲೋ — ನನಗೂ ಗೊತ್ತಾಗಲಿಲ್ಲ — ಇಂಚರ ಎರಡೂ ಕೈ ತೆಗೆದುಬಿಟ್ಟಿದ್ದಳು. ಅತ್ತೆ ತೇಲುತ್ತಿದ್ದರು. ಜಡೆ ಬಿಚ್ಚಿಹೋಗಿ ಬಿಳಿಗೂದಲು ಸುತ್ತ ಹರಡಿತ್ತು. ಮಾವ ಹೋದ ಮೇಲೆ ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಶುಭಾ, ನೋಡೇ! ನನ್ನ ಯಾರೂ ಹಿಡ್ಕೊಂಡಿಲ್ಲ ಕಣೇ!" ನಾನು ಫೋನಿನಲ್ಲಿ ತೆಗೆಯುತ್ತಿದ್ದೆ. ನನ್ನ ಕಣ್ಣಲ್ಲೂ ನೀರು.

ದಡಕ್ಕೆ ಬಂದು ಟವೆಲ್ ಹೊದ್ದುಕೊಂಡ ಮೇಲೆ ಅವರು ಮೊದಲು ಕೇಳಿದ್ದು ಒಂದೇ. "ವಿಡಿಯೋ ಮಾಡಿದ್ಯಾ? ಯಾರಿಗೂ ಕಳಿಸ್ಬೇಡಮ್ಮ. ನಮ್ಮನೆ ಗ್ರೂಪಿಗಂತೂ ಹಾಕ್ಲೇಬೇಡ. ಜಯಾ ನೋಡಿದ್ರೆ ಮುಗೀತು ನನ್ನ ಕಥೆ."

"ಅಯ್ಯೋ ಅತ್ತೆ, ಹಾಕ್ತೀನಾ?" ಎಂದೆ. ಮಾತು ಕೊಟ್ಟೆ.

ಜಯಾ ಎಂದರೆ ಮಾವನ ತಂಗಿ, ನಮ್ಮ ಜಯತ್ತೆ. ಅದೇ ಸಂಜೆ ಅವರ ಫೋನ್ ಬಂತು. ಅತ್ತೆ ರೂಮಿನ ಬಾಲ್ಕನಿಯಲ್ಲಿ ಕೂತು ಮಾತಾಡುತ್ತಿದ್ದರು. ನಾನು ಒಳಗೆ ಒದ್ದೆ ಬಟ್ಟೆ ಒಣಹಾಕುತ್ತಿದ್ದೆ. ಬೇಕೆಂದು ಕೇಳಿಸಿಕೊಂಡಿದ್ದಲ್ಲ, ಕಿವಿಗೆ ಬಿತ್ತು. "ಹುಡುಗಿ ಒಳ್ಳೇವ್ಳೇ ಕಣೇ ಜಯಾ. ಆದ್ರೆ ಮನೆ ಅಂತ ಒಂದು ಅಚ್ಚುಕಟ್ಟು ಇಲ್ಲ. ಫ್ರಿಜ್ ತೆಗೆದ್ರೆ ಮೂರು ದಿನದ ಸಾರು. ಡಿಶ್‌ವಾಶರ್ ತುಂಬ್ಸೋದೂ ನಮ್ಮ ಹರೀಶಾನೇ. ಆಫೀಸು ಆಫೀಸು ಅಂತ ಕುಣೀತಾಳೆ. ನಾನ್ಯಾಕೆ ಬಾಯಿ ಬಿಡ್ಲಿ ಅಂತ ಸುಮ್ನಿದ್ದೆ ಆರು ತಿಂಗ್ಳು."

ಮೈಯೆಲ್ಲ ಉರಿದುಹೋಯಿತು. ಶನಿವಾರ ಬಂತೆಂದರೆ ಬಾಥೆಲ್‌ವರೆಗೆ ಡ್ರೈವ್ ಮಾಡಿ ದೇವಸ್ಥಾನಕ್ಕೆ ಕರೆದೊಯ್ದಿದ್ದೆ, ಅವರ ಕಾಲಿಗೆ ಒಪ್ಪುವ ಶೂಸ್ ಸಿಗುವವರೆಗೆ ಅಂಗಡಿ ಅಂಗಡಿ ಅಲೆದಿದ್ದೆ, ಬೆಳಗ್ಗೆಯಷ್ಟೇ ಅವರನ್ನು ನೋಡಿ ಅತ್ತಿದ್ದೆ — ಇಷ್ಟೆಲ್ಲದರ ಮೇಲೆ ಮೂರು ದಿನದ ಸಾರು! ಹೆಚ್ಚು ಚುಚ್ಚಿದ್ದು ಯಾವುದೆಂದರೆ ಅದು ನಿಜವಾಗಿತ್ತು. ಬಾಗಿಲು ತೆಗೆದು "ಏನತ್ತೆ ಇದು?" ಎಂದು ಜಗಳ ಆಡಬಹುದಿತ್ತು. ಆಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. ಅತ್ತೆ ಫೋನ್ ಇಟ್ಟು ಮೈ ತೊಳೆದುಕೊಳ್ಳಲು ಹೋದರು. ನಾನು ಮಂಚದ ಮೇಲೆ ಕೂತು ಮನೆಯ ಗ್ರೂಪ್ ತೆರೆದೆ. ಜಯತ್ತೆಯೂ ನೋಡಲಿ ಇವರ ಅಚ್ಚುಕಟ್ಟು — ಹೌದು, ಇದೇ ಮಾತು ಮನಸ್ಸಿನಲ್ಲಿ ಬಂದಿದ್ದು, ಅಕ್ಷರಕ್ಕೆ ಅಕ್ಷರ ನೆನಪಿದೆ. ವಿಡಿಯೋ ಹಾಕಿದೆ.

ಮೈಸೂರಿನಲ್ಲಿ ಆಗಿನ್ನೂ ಮಧ್ಯಾಹ್ನ; ಎಲ್ಲರೂ ಊಟ ಮಾಡಿ ಅಡ್ಡಾಗುವ ಹೊತ್ತು, ಎಲ್ಲರ ಕೈಯಲ್ಲೂ ಫೋನ್. ಮೊದಲು ನಗುವ ಮುಖಗಳು ಬಂದವು. ಯಾರೋ "ಅಜ್ಜಿ ಸೂಪರ್" ಎಂದರು. ಆಮೇಲೆ ಜಯತ್ತೆ ಬರೆದರು: "ಅತ್ತಿಗೆ, ನಮ್ಮಣ್ಣ ಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಚೆನ್ನಾಗಿದೀರಲ್ಲ."

ನಾನು ಬಯಸಿದ್ದು ಒಂದು ಸಣ್ಣ ಮುಯ್ಯಿ. ಅದು ಮಾವನವರೆಗೆ ಹೋಗುತ್ತದೆಂದು — ಇಲ್ಲ, ಹಾಗೆ ಹೇಳಿ ಜಾರಿಕೊಳ್ಳಲಾರೆ. ಜಯತ್ತೆ ಎಂಥವರೆಂದು ನನಗೆ ಗೊತ್ತಿತ್ತು. ತಕ್ಷಣ ಗ್ರೂಪಿನಿಂದ ಅಳಿಸಿದೆ. ಜಯತ್ತೆ ಅಷ್ಟರಲ್ಲಿ ಉಳಿಸಿಕೊಂಡಾಗಿತ್ತು. ಅತ್ತೆ ತಲೆ ಒರೆಸಿಕೊಳ್ಳುತ್ತ ಬಂದು ಫೋನ್ ತೆಗೆದಾಗ ಅವರಿಗೆ ವಿಡಿಯೋ ಕಾಣಲಿಲ್ಲ. ಅದರ ಕೆಳಗಿನ ಮಾತುಗಳು ಮಾತ್ರ ಕಂಡವು.

"ಹರೀಶ್‌ಗೆ ಕಳಿಸೋಕೆ ಹೋದೆ ಅತ್ತೆ, ಕೈ ತಪ್ಪಿ ಗ್ರೂಪಿಗೆ ಹೋಗ್ಬಿಡ್ತು" ಎಂದೆ. ಅಳುತ್ತಲೇ ಗ್ರೂಪಿನಲ್ಲೂ ಅದನ್ನೇ ಬರೆದೆ. ಅವರು ಫೋನ್ ಪಕ್ಕಕ್ಕಿಟ್ಟರು. ಆಮೇಲೆ ಪಕ್ಕದಲ್ಲಿ ಬಂದು ಕೂತು ನನ್ನ ಬೆನ್ನು ಸವರಿದರು. "ಹೋಗ್ಲಿ ಬಿಡೇ. ಕೈ ತಪ್ಪೋದು ಯಾರಿಗಿಲ್ಲ? ಅಳ್ಬೇಡ." ಸಮಾಧಾನ ಮಾಡಿದ್ದು ಅವರು, ಮಾಡಿಸಿಕೊಂಡಿದ್ದು ನಾನು. ಆ ಸಂಜೆ ನನಗೆ ಊಟ ಸೇರಲಿಲ್ಲ.

ಉಳಿದ ದಿನಗಳಲ್ಲಿ ಅತ್ತೆ ನೀರಿಗೆ ಇಳಿಯಲಿಲ್ಲ. ಇಂಚರ ಎಷ್ಟು ಕರೆದರೂ "ಸೊಂಟ ಹಿಡ್ಕೊಂಡಿದೆ ಪುಟ್ಟಿ" ಎಂದರು. ಮೈಸೂರಿಗೆ ಹೋದ ಮೇಲೆ ನಡೆದದ್ದನ್ನು ನಾನು ಹರೀಶನ ಬಾಯಲ್ಲಿ ಕೇಳಿದೆ. ಯಾರ ಮನೆಯ ನಾಮಕರಣಕ್ಕೆ ಹೋದರೂ "ಏನು ಈಜು ಹೊಡ್ಕೊಂಡು ಬಂದ್ರಂತೆ?" ಎಂಬ ಕೊಂಕು. ಯಾರಾದರೂ ಫೋನ್ ಹಿಡಿದು ತೋರಿಸಲು ಬಂದರೆ ಅತ್ತೆ ಮುಖ ತಿರುಗಿಸಿ ಎದ್ದುಹೋಗುತ್ತಿದ್ದರಂತೆ. ಆದರೆ ಒಂದು ವಿಷಯಕ್ಕೆ ಮಾತ್ರ ಸುಮ್ಮನಿರುತ್ತಿರಲಿಲ್ಲ. ಜಯತ್ತೆ ಒಮ್ಮೆ "ಆ ನಿಮ್ಮ ಸೊಸೆ ಬೇಕೂಂತ್ಲೇ ಹಾಕಿದಾಳೆ, ಬರ್ದಿಟ್ಕೊಳ್ಳಿ" ಎಂದಾಗ ಅತ್ತೆ ಎಲ್ಲರೆದುರು ತಿರುಗಿಬಿದ್ದರಂತೆ. "ನನ್ನ ಸೊಸೆ ಅಂಥವಳಲ್ಲ. ಅವಳ ವಿಷ್ಯ ಮಾತಾಡೋದಾದ್ರೆ ನಮ್ಮನೆಗೆ ಬರ್ಬೇಡ." ಆಮೇಲೆ ನಾದಿನಿ-ಅತ್ತಿಗೆ ಎರಡು ವರ್ಷ ಮಾತು ಬಿಟ್ಟಿದ್ದರು. ಇಡೀ ಬಳಗದಲ್ಲಿ ನಿಜ ಹೇಳಿದವರು ಜಯತ್ತೆ ಒಬ್ಬರೇ, ಅವರ ಬಾಯಿ ಮುಚ್ಚಿಸಿದ್ದು ನನ್ನ ಸುಳ್ಳು. ಅದಕ್ಕೆ ನಾನು — ಏನೂ ಮಾಡಲಿಲ್ಲ. ಹರೀಶನ ಮಾತಿಗೆ ತಲೆಯಾಡಿಸಿ ಲ್ಯಾಪ್‌ಟಾಪ್ ತೆರೆದೆ.

ಈಗ ಅತ್ತೆ ಮತ್ತೆ ಬಂದಿದ್ದಾರೆ. ಕಳೆದ ವಾರ ಊಟಕ್ಕೆ ಕೂತಾಗ ಇಂಚರ ಈ ರಜೆಗೆ ಮತ್ತೆ ಪಂಗ್ಲಾವ್‌ಗೆ ಹೋಗೋಣ ಎಂದಳು. "ಅಜ್ಜಿ, ಯು ವರ್ ಸೋ ಗುಡ್ ಅಟ್ ಇಟ್!" ಅತ್ತೆ ನಗುತ್ತಲೇ "ನೀವು ಹೋಗ್ಬನ್ನಿ, ನಾನು ಮನೇಲಿರ್ತೀನಿ" ಎಂದರು. ಅವಳು ಯಾಕೆ ಯಾಕೆ ಎಂದು ಪೀಡಿಸಿದಾಗ ಹೇಳಿದರು: "ಬೇಡ ಪುಟ್ಟಿ. ನಿಮ್ಮಮ್ಮಂಗೆ ಅವತ್ತು ಪಾಪ ಎಷ್ಟು ಬೇಜಾರಾಗಿತ್ತು ಗೊತ್ತಾ? ಕೈ ತಪ್ಪಿ ಹೋಯ್ತು ಅಂತ ಊಟಾನೇ ಮಾಡ್ಲಿಲ್ಲ ಅವ್ಳು. ಮತ್ತೆ ಅದೆಲ್ಲ ಯಾಕೆ?"

ಶನಿವಾರ ಬಾಥೆಲ್‌ನ ದೇವಸ್ಥಾನದಿಂದ ವಾಪಸ್ ಬರುವಾಗ ಕಾರಿನಲ್ಲಿ ನಾವಿಬ್ಬರೇ. ಸ್ಟಿಯರಿಂಗ್ ಹಿಡಿದುಕೊಂಡು, ಮುಂದಿನ ಕಾರಿನ ಕೆಂಪು ದೀಪ ನೋಡುತ್ತ ಹೇಳಿಬಿಟ್ಟೆ. "ಅತ್ತೆ, ಅವತ್ತು ಕೈ ತಪ್ಪಿದ್ದಲ್ಲ. ನಾನೇ ಹಾಕ್ದೆ." ಅವರು ತಿರುಗಿ ನೋಡಿದ್ದು ಗೊತ್ತಾಯಿತು. ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿದ ಮೇಲೆ "ಯಾಕೆ?" ಎಂದರು. ಬಾಲ್ಕನಿಯ ಮಾತು ಕೇಳಿಸಿಕೊಂಡಿದ್ದನ್ನು ಹೇಳಿದೆ.

"ಮೂರು ದಿನದ ಸಾರು ಇತ್ತಲ್ಲಮ್ಮ."

"ಇತ್ತು ಅತ್ತೆ."

"ನಾನು ಅಂದಿದ್ದೂ ತಪ್ಪೇ ಅನ್ನು. ಆದ್ರೆ ನಾನು ಒಬ್ಬಳ ಹತ್ರ ಅಂದೆ. ನೀನು ಊರಿಗೆಲ್ಲ ತೋರಿಸ್ದೆ." ಸೀಟ್ ಬೆಲ್ಟ್ ಬಿಚ್ಚಲು ಅವರ ಕೈಗೆ ಆಗುತ್ತಿರಲಿಲ್ಲ; ನಾನು ಬಿಚ್ಚಲು ಹೋದರೆ ಕೈ ಸರಿಸಿದರು. "ನಿನಗೋಸ್ಕರ ನಾನು ಜಯಾ ಜೊತೆ ಮಾತು ಬಿಟ್ಟಿದ್ದೆ ಶುಭಾ."

ಕ್ಷಮಿಸಿ ಎಂದೆ. ಅವರು ಆಯಿತು ಎನ್ನಲಿಲ್ಲ. ಎರಡು ದಿನ ಕಾಫಿ ಮಾಡಿ ನನ್ನ ಲೋಟವನ್ನು ಮೇಜಿನ ಮೇಲಿಟ್ಟು ಹೋದರು, ಕರೆಯಲಿಲ್ಲ. ನಾನು ಹರೀಶನಿಗೂ ಇಂಚರಳಿಗೂ ಹೇಳಿದೆ. ಇಂಚರ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಇವತ್ತು ಬೆಳಗ್ಗೆ ಬೀನ್ಸ್ ಬಿಡಿಸುತ್ತ ಅತ್ತೆ ತಾವಾಗಿಯೇ ಮಾತೆತ್ತಿದರು. "ಅದನ್ನ ನಾನು ನೋಡೇ ಇಲ್ಲ ಕಣೇ. ಎಲ್ರೂ ನೋಡಿದಾರೆ, ನಾನೊಬ್ಳೇ ನೋಡಿಲ್ಲ. ನಿನ್ನ ಫೋನಲ್ಲಿ ಇದ್ಯಾ?"

ಇರಲಿಲ್ಲ. ಅವತ್ತೇ ನನ್ನ ಫೋನಿನಿಂದಲೂ ಅಳಿಸಿಹಾಕಿದ್ದೆ — ಅವರ ಮಾನ ಕಾಯಲೆಂದಲ್ಲ, ನನಗೆ ಅದನ್ನು ನೋಡುವ ಮುಖವಿರಲಿಲ್ಲ. ಆ ನಗುವನ್ನು ಕದ್ದು ಊರಿಗೆ ಹಂಚಿದೆ, ಅವರಿಗೆಂದು ಒಂದು ತುಣುಕನ್ನೂ ಉಳಿಸಲಿಲ್ಲ. ಹಾಗೆಂದು ಅವರಿಗೆ ಹೇಳಿದೆ. ಅವರು ಬೀನ್ಸ್ ಪಕ್ಕಕ್ಕಿಟ್ಟರು.

"ಹೇಗ್ ಕಾಣ್ತಿದ್ದೆ?"

"ನಗ್ತಿದ್ರಿ ಅತ್ತೆ. ತುಂಬಾ ನಗ್ತಿದ್ರಿ."

ಅದು ಈಗ ಇರುವುದು ಜಯತ್ತೆಯ ಹತ್ತಿರ. ಗುಟ್ಟಾಗಿ ಫೋನ್ ಮಾಡಿ ಕೇಳಬಹುದು, ನಾಲ್ಕು ಮಾತು ಅಂದರೂ ಕೊಡುತ್ತಾರೆ. ಆದರೆ ಸುಳ್ಳು ಗ್ರೂಪಿನಲ್ಲಿದೆ, ಅತ್ತೆ ನನಗಾಗಿ ಜಗಳ ಆಡಿದ್ದು ಅಲ್ಲಿರುವ ಅಷ್ಟೂ ಜನರೆದುರು. ಹಾಗಾಗಿ ಅಲ್ಲೇ ಬರೆದೆ: ಪಂಗ್ಲಾವ್‌ನಿಂದ ಅತ್ತೆಯ ವಿಡಿಯೋ ಹಾಕಿದ್ದು ನಾನೇ, ಬೇಡವೆಂದು ಅವರು ಹೇಳಿದ ಮೇಲೆ, ಬೇಕೆಂದೇ. ಕೈ ತಪ್ಪಿತೆಂದು ಹೇಳಿದ್ದು ಸುಳ್ಳು. ಜಯತ್ತೆ ಹೇಳಿದ್ದೇ ನಿಜ. ಜಯತ್ತೆ, ದಯವಿಟ್ಟು ಅದನ್ನು ಕಳಿಸಿ, ಅತ್ತೆ ನೋಡಬೇಕಂತೆ.

ಈ ಸಲ ಕೇಳದೆ ಹಾಕುವ ಹಾಗಿರಲಿಲ್ಲ. ಅತ್ತೆಯ ಕೈಗೆ ಫೋನ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಆ 'ದಯವಿಟ್ಟು' ತೆಗಿ. ನನ್ನ ವಿಡಿಯೋ ನಾನು ಕೇಳೋಕೆ ಅವಳಿಗೇನು ದಯವಿಟ್ಟು?"

ತೆಗೆದೆ. ಅವರು ಇನ್ನೊಮ್ಮೆ ಓದಿದರು. ನನ್ನನ್ನು ಕ್ಷಮಿಸಿದ್ದೇನೆಂದು ಅವರು ಈ ಹೊತ್ತಿನವರೆಗೂ ಹೇಳಿಲ್ಲ, ನಾನೂ ಕೇಳುವುದಿಲ್ಲ.

"ಕಳ್ಸು," ಎಂದರು.

ಕಳಿಸಿದೆ.