ಚಪ್ಪಾಳೆ ತಟ್ಟಿಸಿದ ದಿನ

ಬೇರೆಯವರ ಏಳಿಗೆ ಕಂಡು ಸಂತೋಷಪಡುವುದೇ ಗುರುವಾದವರ ನಿಜವಾದ ಲಕ್ಷಣ. ನನ್ನಲ್ಲಿ ಈ ಲಕ್ಷಣವಿದ್ದದ್ದು ವಿಶೇಷ ಮಕ್ಕಳನ್ನು ನೋಡಿಕೊಳ್ಳುವ ಹೊಸ ಮಿಸ್ ನಮ್ಮ ಸ್ಟಾಫ್ ರೂಮಿಗೆ ಬರುವವರೆಗೆ ಮಾತ್ರ.

ಬಹರೈನಿನ ಶಾಲೆಯೊಂದರಲ್ಲಿ ನಾನು ಕನ್ನಡ ಟೀಚರು. ಮೂರನೇ ತರಗತಿಯಲ್ಲಿ ಕಾಪು ಕಡೆಯ ಒಬ್ಬಳು ಹುಡುಗಿ ಇದ್ದಳು. ಮನೆಯಲ್ಲಿ ನನ್ನ ಹಾಗೆಯೇ ತುಳು. ಭಾಷೆಯ ಪೀರಿಯಡ್ ಬಂತೆಂದರೆ ಹಿಂದಿಯವರು, ಮಲಯಾಳದವರು, ಕನ್ನಡದವರು ಬೇರೆ ಬೇರೆ ಕೋಣೆಗೆ ಹೊರಡಬೇಕು. ಕುರ್ಚಿಗಳನ್ನೆಲ್ಲ ಒಟ್ಟಿಗೇ ಎಳೆಯುವ ಆ ಗಳಿಗೆಯಲ್ಲಿ ಅವಳು ಕಿವಿ ಮುಚ್ಚಿ ಕಿರುಚುತ್ತಿದ್ದಳು, ಸಿಕ್ಕಿದ್ದನ್ನು ಎಸೆಯುತ್ತಿದ್ದಳು, ಹತ್ತಿರ ಹೋದವರನ್ನು ಕಚ್ಚುತ್ತಿದ್ದಳು. ನಾನೂ ಇನ್ನೊಬ್ಬರು ಟೀಚರೂ ಸೇರಿ ರಟ್ಟೆ ಹಿಡಿದು ಮೆಟ್ಟಿಲ ಕೆಳಗಿನ ಸಣ್ಣ ಕೋಣೆಗೆ ಒಯ್ದು, ಸದ್ದು ನಿಲ್ಲುವವರೆಗೆ ಬಾಗಿಲು ಹಾಕುತ್ತಿದ್ದೆವು. ಅದಕ್ಕೆ ಶಾಂತಿ ಕೋಣೆ ಎಂದು ಹೆಸರು. ಶಾಂತಿ ಇದ್ದದ್ದು ಹೊರಗೆ. ಬಾಗಿಲ ಹಿಡಿ ಹಿಡಿದು ನಿಲ್ಲುವ ಅಧಿಕಾರ, ಹಿರಿತನದ ಮೇಲೆ, ನನ್ನದು.

ಆ ವರ್ಷ ಹೊಸ ನಿಯಮ ಬಂತು. ಯಾರಿಗಾದರೂ ಪೆಟ್ಟಾಗುವ ಅಪಾಯವಿಲ್ಲದಿದ್ದರೆ ಮಗುವನ್ನು ಹಿಡಿಯಬಾರದು, ಬಾಗಿಲಂತೂ ಹಾಕಲೇಬಾರದು. ಅದಕ್ಕೂ ಮೊದಲೇ ಹುಡುಗಿಯ ತಾಯಿ ಬುಸೈತೀನ್‌ನ ಮನೆಯಿಂದ ಬಂದು ಹೇಳಿಹೋಗಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಅವಳು. "ಇನ್ನೊಮ್ಮೆ ಇವಳನ್ನು ಕೋಣೆಗೆ ಹಾಕಿದ್ರೆ ಊರಲ್ಲಿ ನನ್ನ ಅಮ್ಮನ ಹತ್ರ ಬಿಟ್ಟು ಬರ್ತೇನೆ ಟೀಚರ್. ಮಗಳನ್ನು ಬಿಟ್ಟು ಇರ್ಲಿಕ್ಕೆ ನಂಗೆ ಆಗ್ತದಾ? ಆದ್ರೆ ಎಂತ ಮಾಡುದು?"

ಹೊಸ ಮಿಸ್ ಮಂಗಳೂರಿನ ಕೊಂಕಣಿ ಹುಡುಗಿ, ನನ್ನ ಮಗಳ ಪ್ರಾಯ. ಕೆಲವು ದಿನ ಕ್ಲಾಸಿನ ಹಿಂದೆ ಕೂತು ಬರೀ ನೋಡಿದಳು. ಸಂಬಳ ಕೊಟ್ಟು ನೋಡಲಿಕ್ಕೆ ಇಟ್ಟಿದ್ದಾರೆಯೇ ಎಂದು ನಾನು ವಿಚಾರಿಸುವಷ್ಟರಲ್ಲಿ ಅವಳೇ ಬಂದಳು.

"ಟೀಚರ್, ಅವಳಿಗೆ ಕುರ್ಚಿ ಎಳೆಯುವ ಶಬ್ದ ಆಗುದಿಲ್ಲ. ಬೆಲ್ ಆಗುವ ಮೊದ್ಲೇ ಮಾರ್ಕರ್ ಡಬ್ಬಿ ಕೊಟ್ಟು ನಿಮ್ಮ ರೂಮಿಗೆ ಕಳಿಸುವ, ಆಗದಾ?"

"ಇಷ್ಟೇಯಾ?"

"ಇಷ್ಟೇ."

ಮರುದಿನದಿಂದ ಹುಡುಗಿ ಡಬ್ಬಿ ಹಿಡಿದು, ಪರದೇಶದ ರಾಯಭಾರಿಯ ಗತ್ತಿನಲ್ಲಿ ನನ್ನ ಕೋಣೆಗೆ ಆಗಮಿಸತೊಡಗಿದಳು. ಕಿರುಚಾಟ ನಿಂತಿತು. ಕೋಣೆ ನನ್ನದು, ಮಾರ್ಕರ್ ನನ್ನದು. ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಹೊಗಳಿದ್ದು ಮಿಸ್ಸನ್ನು. ಅದನ್ನೂ ಸಹಿಸಬಹುದಿತ್ತು. ನಾನು ತುಳುವಿನಲ್ಲಿ ಎಷ್ಟು ಕೊಂಡಾಟ ಮಾಡಿದರೂ ತುಟಿ ಬಿಚ್ಚದ ಹುಡುಗಿ, ತುಳುವಿನ ಒಂದಕ್ಷರ ಬಾರದ ಆ ಮಿಸ್ಸಿಗೆ ಮನೆಯ ಬೆಕ್ಕಿನ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಇದು ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ.

"ಎಂತ ಮಾರಾಯ್ತಿ," ಎಂದರು ನನ್ನ ಗಂಡ, ಸೆಗಯಾದ ನಮ್ಮ ಫ್ಲಾಟಿನಲ್ಲಿ, "ಆ ಮಿಸ್ಸಿನ ಸುದ್ದಿ ಇಲ್ಲದೆ ನಿಂಗೆ ಚಾ ಇಳಿಯುದಿಲ್ವಾ?"

ಒಂದು ದಿನ ಮಿಸ್ ಸಿಪಿಆರ್ ಕಾರ್ಡು, ಅಂದರೆ ಇಲ್ಲಿನ ಗುರುತುಚೀಟಿಯ ಕೆಲಸಕ್ಕೆಂದು ರಜೆ ಹಾಕಿದಳು. ಡಬ್ಬಿ ಹೊತ್ತು ಹುಡುಗಿ ಬಂದಳು, ಹಿಂದೆಯೇ ಉಳಿದ ಮಕ್ಕಳು. ಮಿಸ್ಸಾದರೆ ಮೆಲ್ಲಗೆ ಒಂದು ಥ್ಯಾಂಕ್ಸ್ ಹೇಳಿ ಮುಗಿಸುತ್ತಿದ್ದಳು. ಎಷ್ಟು ಜಿಪುಣತನ! ನಮ್ಮ ಶಾಲೆಗಳಲ್ಲಿ ಮೆಚ್ಚುಗೆ ಎಂದರೆ ಅದಕ್ಕೊಂದು ಕ್ರಮವಿದೆ. ಹುಡುಗಿಯನ್ನು ಎಲ್ಲರೆದುರು ನಿಲ್ಲಿಸಿ ಹೇಳಿದೆ: "ಮಕ್ಕಳೇ, ಎಷ್ಟು ಜಾಣೆ ನೋಡಿ ಇವಳು! ಎಲ್ಲರೂ ಜೋರಾಗಿ ಚಪ್ಪಾಳೆ!"

ಮಕ್ಕಳು ವಾರ್ಷಿಕೋತ್ಸವದ ಉತ್ಸಾಹದಲ್ಲಿ ತಟ್ಟಿದರು. ಡಬ್ಬಿ ಹಾರಿ ಬೋರ್ಡಿಗೆ ಬಡಿಯಿತು. ಹುಡುಗಿ ಕಿರುಚುತ್ತಾ ನನ್ನ ಮೇಜಿನ ಕೆಳಗೆ ನುಗ್ಗಿದಳು. ನನ್ನ ಕೈ, ಹಳೆಯ ಅಭ್ಯಾಸ, ಆಗಲೇ ಅವಳ ರಟ್ಟೆಯ ಮೇಲಿತ್ತು. ಹಿಂದೆಲ್ಲ ಜೊತೆಗೆ ಹಿಡಿಯುತ್ತಿದ್ದ ಟೀಚರು ಸದ್ದು ಕೇಳಿ ಓಡಿಬಂದರು.

"ಹಿಡಿಯುವನಾ? ಕೋಣೆ ಖಾಲಿ ಉಂಟು."

ನಾನು ಹೂಂ ಎಂದರೆ ಹುಡುಗಿ ಊರಿಗೆ. ಇದು ನೆನಪಾಯಿತು. ಮರುದಿನ ಮಿಸ್ ಬಂದು 'ಅಯ್ಯೋ, ನಾನಿಲ್ಲದ್ದಕ್ಕೆ' ಎನ್ನುವುದೂ ನೆನಪಾಯಿತು. ಯಾವುದು ಮೊದಲು ನೆನಪಾಯಿತೆಂದು ಕೇಳಬೇಡಿ.

"ಬೇಡ. ಮಕ್ಕಳನ್ನು ಶಬ್ದ ಮಾಡದೆ ಹೊರಗೆ ಕರ್ಕೊಂಡು ಹೋಗಿ."

ಕೈ ಬಿಟ್ಟು, ಸ್ವಲ್ಪ ದೂರದಲ್ಲಿ, ಮಿಸ್ ಕೂರುವಂತೆಯೇ ನೆಲದ ಮೇಲೆ ಕೂತೆ. ನನ್ನ ಮೊಣಕಾಲು ಲಟಕ್ಕೆಂದಿತು. ಅದು ಬಿಟ್ಟರೆ ನನ್ನ ಕಡೆಯಿಂದ ಸದ್ದಿಲ್ಲ. ಟೀಚರಾದವಳಿಗೆ ಇದು ನಿರ್ಜಲ ಉಪವಾಸಕ್ಕೆ ಸಮ. ಬಹಳ ಹೊತ್ತಿನ ಮೇಲೆ ಕಿರುಚಾಟ ಬಿಕ್ಕಳಿಕೆಯಾಯಿತು. ಮೇಜಿನಡಿಯಿಂದ ಒಂದು ಕೈ ಬಂದು ಮಾರ್ಕರ್ ಹೆಕ್ಕಿತು. ಮತ್ತೊಂದು ಹೆಕ್ಕಿತು. ಡಬ್ಬಿ ತುಂಬಿದ ಮೇಲೆ ಹುಡುಗಿ ಹೊರಗೆ ಬಂದು, ನನ್ನೊಡನೆ ಮೊದಲ ಬಾರಿಗೆ ತುಳುವಿನಲ್ಲಿ ಮಾತಾಡಿದಳು.

"ಮಿಸ್ ಎಲ್ಲೆ ಬರ್ಪೆರಾ?"

ನಾಳೆ ಮಿಸ್ ಬರುತ್ತಾರಾ ಎಂದು. ಬರುತ್ತಾರೆ ಎಂದೆ.

ಬಂದಳು. ಸುದ್ದಿ ಕೇಳಿ ನನ್ನ ಪಕ್ಕ ಕೂತಳು. "ಟೀಚರ್, ನಿನ್ನೆ ನೀವು ಕೈ ಬಿಟ್ಟು ದೂರ ಕೂತ್ರಲ್ಲ, ಮಾತಾಡದೆ ಕಾದ್ರಲ್ಲ, ಅದು ತುಂಬ ಒಳ್ಳೆದಾಯ್ತು." ಡಬ್ಬಿ ತಂದ ಹುಡುಗಿಗೆ ಹೇಳುವ ಅದೇ ಮೆಲುದನಿ. ಉಪಾಯ ನನಗೆ ಗೊತ್ತಾಯಿತು. ಗೊತ್ತಾದರೂ ಆ ದಿನವಿಡೀ ಖುಷಿಯಾಗಿದ್ದೆ. ಅದಕ್ಕಾಗಿ ಅವಳ ಮೇಲೆ ಇನ್ನಷ್ಟು ಉರಿ.

ಹುಡುಗಿ ಊರಿಗೆ ಹೋಗಲಿಲ್ಲ. ನಾಲ್ಕನೇ ತರಗತಿಗೆ ಹೋದಳು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಈಗ ಝೆರಾಕ್ಸ್ ಮೆಷಿನ್ ಇದೆ.