ಭೂಮಿಯೂ ಲೇಟು

ನಮ್ಮ ಮಾವ ಚಂದ್ರನಿಗೆ ತೋರಿಸುತ್ತಿದ್ದ ಸಹನೆಯಲ್ಲಿ ಕಾಲು ಭಾಗವನ್ನು ಸೊಸೆಗೆ ತೋರಿಸಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ. ಸಂಕಷ್ಟಿಯ ದಿನ ಬೆಳಗಿನಿಂದ ಉಪವಾಸವಿದ್ದು, ಬಸವನಗುಡಿಯ ನಮ್ಮ ತಾರಸಿ ಮೇಲೆ ನಿಂತು, ಪಂಚಾಂಗದ ಹೊತ್ತು ಮೀರಿದರೂ ಚಂದ್ರ ಮೋಡದಿಂದ ಹೊರಗೆ ಬರಲೊಲ್ಲ ಅಂದರೆ, ಬರ್ತಾನೆ ಬಿಡು, ಅವನಿಗೇನು ಅವಸರ ಅನ್ನುತ್ತಿದ್ದರು. ಅದೇ ಮಾವ ಮಾರನೆಯ ಬೆಳಗ್ಗೆ, ನಾನು ಚಾಮರಾಜಪೇಟೆಯ ಸ್ಕೂಲಿಗೆ ಪಾಠ ಹೇಳಲು ಹೊರಟರೆ, ಗೇಟಿನ ಹತ್ತಿರ ವಾಚು ನೋಡುತ್ತಾ ನಿಂತು ನಾನೆಷ್ಟು ನಿಮಿಷ ತಡ ಅಂತ ಬೀದಿಗೆಲ್ಲ ಸಾರುತ್ತಿದ್ದರು. ಎದುರು ಮನೆಯವರು ಅದನ್ನು ಕೇಳಿಯೇ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಆ ವಾಚಿನ ಗತ್ತೇ ಗತ್ತು. ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಬರುವ ಪೀಂ ಪೀಂ ಸದ್ದಿಗೆ ಬೆಳಗ್ಗೆ ಸಂಜೆ ಅದನ್ನು ತಾಳೆ ನೋಡದೆ ಅವರಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

೧೯೯೮ರ ಕೊನೆಯ ಸಂಜೆ ಪೇಪರಿನಲ್ಲಿ ನನಗೊಂದು ಅಸ್ತ್ರ ಸಿಕ್ಕಿತು. ಭೂಮಿ ತಿರುಗುವುದು ನಿಧಾನವಾಗಿದೆಯಂತೆ. ನಾಳೆ ಬೆಳಗಿನ ಐದೂವರೆಗೆ ಪ್ರಪಂಚದ ಗಡಿಯಾರಗಳಿಗೆಲ್ಲ ಒಂದು ಸೆಕೆಂಡು ಸೇರಿಸುತ್ತಾರಂತೆ. ಓದಿ ಹೇಳಿದೆ. ಭೂಮಿಯೇನು ನಿನ್ನ ಹಾಗೆ ಜಡೆ ಹೆಣೆದುಕೊಂಡು ಹೊರಡುತ್ತದೆಯೇ ಅಂತ ಮಾವ ನಕ್ಕರು. ನನಗೂ ರೇಗಿತು. ಪಂಥ ಕಟ್ಟಿದೆವು. ಬೆಳಗ್ಗೆ ವಾಚು ರೇಡಿಯೋಗೆ ತಾಳೆಯಾದರೆ ಇನ್ನು ಮುಂದೆ ನಾನು ಒಂದು ಬಸ್ಸು ಮೊದಲೇ ಹಿಡಿಯಬೇಕು. ಆಗದಿದ್ದರೆ ಅವರು ಗೇಟಿನ ಹತ್ತಿರ ನಿಲ್ಲಕೂಡದು.

ಭೂಮಿ ಹೀಗೆ ನಿಧಾನವಾಗಲು ಕಾರಣ ಯಾರು ಅಂತೀರಿ? ಅದೇ ಚಂದ್ರ! ಅವನು ಸಮುದ್ರವನ್ನು ತನ್ನ ಕಡೆಗೆ ಎಳೆದು ಉಬ್ಬಿಸುತ್ತಾನೆ. ಅವನು ನಮ್ಮನ್ನು ಸುತ್ತುವುದಕ್ಕಿಂತ ಬೇಗ ಭೂಮಿ ತಿರುಗುವುದರಿಂದ ಆ ಉಬ್ಬು ಅವನಿಗಿಂತ ಮುಂದೆ ಹೋಗುತ್ತದೆ. ಅವನು ಬಿಡುತ್ತಾನೆಯೇ? ಹಿಂದಕ್ಕೆ ಜಗ್ಗುತ್ತಾನೆ. ಬಸ್ಸಿಗೆ ಓಡುವವಳ ಸೆರಗು ಗೇಟಿನ ಚಿಲಕಕ್ಕೆ ಸಿಕ್ಕಿಕೊಂಡ ಹಾಗೆ ಭೂಮಿಯ ಓಟ ಕುಂದುತ್ತದೆ. ಹಾಗೆ ನಮ್ಮಿಂದ ಕಿತ್ತುಕೊಂಡ ಓಟದ ಬಲದಿಂದ ಅವನು ಮಾತ್ರ ವರ್ಷ ವರ್ಷವೂ ಉಗುರು ಬೆಳೆಯುವಷ್ಟು ದೂರ ಸರಿದುಕೊಳ್ಳುತ್ತಾನೆ. ದಿನಗಳು ಹೀಗೆ ಕೂದಲೆಳೆಯಷ್ಟು ಉದ್ದವಾಗಿ, ಆ ಎಳೆಗಳೆಲ್ಲ ಕೂಡಿ ಒಂದು ಸೆಕೆಂಡಾದಾಗ ಗಡಿಯಾರದವರು ಸೋತು ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ.

ಹೊಸವರ್ಷದ ಬೆಳಗ್ಗೆ ರೇಡಿಯೋ ಮುಂದೆ ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಕಾಫಿ ಆರುತ್ತಿತ್ತು. ಕೊನೆಯ ಪೀಂ ಬರುವಷ್ಟರಲ್ಲಿ ಮಾವನ ವಾಚಿನ ಸೆಕೆಂಡು ಮುಳ್ಳು ಹನ್ನೆರಡನ್ನು ದಾಟಿ ಒಂದು ಗೆರೆ ಮುಂದೆ ಹೋಗಿತ್ತು. ಮಾವ ವಾಚನ್ನು ಅಲ್ಲಾಡಿಸಿದರು, ಕಿವಿಗಿಟ್ಟುಕೊಂಡರು. ಅವರ ಮುಖ ನೋಡಿ ಪಾಪ ಅನ್ನಿಸಿತು.

"ನಿಮ್ಮ ವಾಚು ಸರಿಯಾಗೇ ಇದೆ ಮಾವ. ಲೇಟಾಗಿರೋದು ಭೂಮಿ," ಅಂದೆ.

ಚಂದ್ರ ಅದನ್ನು ಹಿಂದಕ್ಕೆ ಜಗ್ಗುವ ಕತೆಯನ್ನೂ ಬಿಡಿಸಿ ಹೇಳಿದೆ. ಮಾವ ಆರಿದ ಕಾಫಿಯನ್ನು ಪಕ್ಕಕ್ಕೆ ಸರಿಸಿ, "ಹಾಗಾದ್ರೆ ಇಷ್ಟು ವರ್ಷ ನಾನು ಹಸ್ಕೊಂಡು ಕಾದಿದ್ದು ಆ ಕಳ್ಳನಿಗಾ?" ಅಂದರು.

ಅವತ್ತು ಗೇಟಿನ ಹತ್ತಿರ ಯಾರೂ ಇರಲಿಲ್ಲ. ರಾಜ್ಯ ಗೆದ್ದವಳಂತೆ ಆರಾಮವಾಗಿ ಹೊರಟೆ. ತಿರುವಿನಲ್ಲಿ ನೋಡಿದರೆ ಸ್ಟಾಪಿನಲ್ಲಿ ಬಸ್ಸು ನಿಂತಿದೆ! ಸೆರಗು ಸಿಕ್ಕಿಸಿಕೊಂಡು ಓಡಿದೆ. ಕಂಡಕ್ಟರು ಸಿಡುಕುತ್ತಾ ಸೀಟಿ ಬಾಯಿಗಿಟ್ಟುಕೊಂಡಿದ್ದ. ಮೆಟ್ಟಿಲ ಮೇಲೊಂದು ಕಾಲಿಟ್ಟುಕೊಂಡು ನಮ್ಮ ಮಾವ ಅವನಿಗೆ ಬುದ್ಧಿ ಹೇಳುತ್ತಿದ್ದರು.

"ಒಂದೇ ಒಂದು ಸೆಕೆಂಡ್ ಕಣಪ್ಪ. ಇವತ್ತು ಪ್ರಪಂಚಕ್ಕೆಲ್ಲ ಕೊಟ್ಟಿದಾರೆ, ನಮ್ಮ ಸೊಸೆಗೆ ಕೊಡೋಕೆ ನಿಂಗೇನು ಕಷ್ಟ?"